ಪೌಣೆ ಎಂಟುನೂರು

ಹೈದರಾಬಾದಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕಾರ್ಖಾನೆಯ ನೋಟಿಸ್ ಬೋರ್ಡಿನ ಮೇಲೆ ಅಮರಯ್ಯನ ಹೆಸರು ಬಂದದ್ದು ಒಂದೇ ಒಂದು ಸಲ, ಅದೂ ಮಾನ ಕಳೆಯುವುದಕ್ಕೆ. ಭಟ್ಟಿಯ ಬಾಗಿಲು ಸಿಡಿದು ಬೆಂಕಿ ಉಗುಳಿದ ದಿನ ಇಬ್ಬರು ಕೂಲಿಯವರನ್ನು ಹೊರಗೆಳೆದು ತನ್ನ ಮುಂಗೈ ಸುಟ್ಟುಕೊಂಡನಲ್ಲ, ಆಗ ಯಾರೂ ಬೋರ್ಡಿಗೆ ಏನೂ ಅಂಟಿಸಲಿಲ್ಲ. ಎರಡು ಸಾವಿರದ ಇಸವಿಯ ಜನವರಿ ಮೊದಲ ವಾರದಲ್ಲಿ ಅಂಟಿಸಿದರು. ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಜಗತ್ತನ್ನೇ ಹೆದರಿಸಿದವರು ಏನೂ ಆಗದೆ ತೆಪ್ಪಗಾಗಿದ್ದ ಹೊತ್ತು ಅದು. ಅವರ ಮೇಲೆ ಯಾರೂ ನೋಟಿಸ್ ಹಾಕಲಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು.

ಶಂಕ್ರಮ್ಮ ಹೊಸ್ತಿಲಲ್ಲಿ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಮೊದಲ ಪಾಳಿಗೆ ಹೋದ ಗಂಡ ಹನ್ನೊಂದಕ್ಕೇ ಓಣಿಯ ತಿರುವಿನಲ್ಲಿ ಕಂಡ. ಅಂಗಿ ಬಿಳಿಯಾಗಿಯೇ ಇತ್ತು. ಬೆಳಿಗ್ಗೆ ಹೋದವನು ಕಪ್ಪಾಗದೆ ಬಂದದ್ದನ್ನು ಅವಳು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಯಾಕ್ರಿ, ಜ್ವರ ಬಂದೈತೇನು?"

"ಇಲ್ಲ."

"ಮತ್ತ?"

"ನಿಲ್ಲಿಸ್ಯಾರ." ಅಮರಯ್ಯ ಬಾಟಾ ಚಪ್ಪಲಿ ಕಳಚಿ ಗೋಡೆಗೆ ಒರಗಿದ. "ಮೂರು ಬ್ಯಾಚ್ ಮಾಲು ಕೆಟ್ಟಾವಂತ. ನಾ ಹೀಟ್ ತಪ್ಪು ಹೇಳಿಕೊಟ್ಟೀನಂತ. ವಿಚಾರಣಿ ಮಾಡಿ ಬೋರ್ಡಿಗೆ ಹಚ್ಯಾರ."

"ನೀವು ತಪ್ಪು ಹೇಳೀರೇನು?"

"ಗೊತ್ತಿಲ್ಲ," ಅಂದ.

ಆ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ನೋಡಲು ಬರೀ ಇದ್ದಿಲು. ಕೋನಸೀಮೆಯಿಂದ ಲಾರಿಗಟ್ಟಲೆ ತೆಂಗಿನ ಚಿಪ್ಪು ಬರುತ್ತಿತ್ತು. ಅದನ್ನು ಗಾಳಿ ತಾಗದಂತೆ ಸುಟ್ಟು, ಪುಡಿ ಮಾಡಿ, ಮೆಣಸಿನಕಾಳಿನ ಗಾತ್ರದ ಗುಳಿಗೆ ಮಾಡುತ್ತಿದ್ದರು. ಆ ಗುಳಿಗೆಯ ಮೈತುಂಬ ಕಣ್ಣಿಗೆ ಕಾಣದ ತೂತು. ಅದನ್ನು ತುಂಬಿದ ಡ್ರಮ್ಮಿಗೆ ಗಾಳಿ ಒತ್ತಿದರೆ ಆಮ್ಲಜನಕ ತೂತಿನೊಳಗೆ ಜಲ್ದಿ ನುಗ್ಗಿ ಕೂರುತ್ತದೆ, ಸಾರಜನಕ ಹಾದುಹೋಗಿ ಆ ಕಡೆ ಬರುತ್ತದೆ. ಔಷಧಿ ಕಂಪನಿಯವರಿಗೆ ಆ ಸಾರಜನಕ ಬೇಕು. ಅದೇ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡುವ ಮಗಳು ರಶ್ಮಿ, ಒಂದು ದಿನ ಅವ್ವನ ಜರಡಿಯನ್ನೇ ಹಿಡಿದು ಇದನ್ನೆಲ್ಲ ಬಿಡಿಸಿ ಹೇಳಿದ್ದಳು. "ಜೋಳ ಜರಡಿ ಹಿಡದಂಗ, ನಾವು ಗಾಳಿನ ಜರಡಿ ಹಿಡೀತೀವಿ ಅವ್ವಾ."

ಕಷ್ಟ ಇದ್ದದ್ದು ಕೊನೆಯ ಹಂತದಲ್ಲಿ. ಗುಳಿಗೆಯನ್ನು ಮತ್ತೆ ಕಾಯಿಸಿ ಅದರ ಮೇಲೆ ಒಂದು ಎಣ್ಣೆಯ ಹಬೆ ಹಾಯಿಸಬೇಕು. ಆಗ ತೂತಿನ ಬಾಯಿ ಬೇಕಾದಷ್ಟೇ ಸಣ್ಣದಾಗುತ್ತದೆ. ಶಾಖ ಕಮ್ಮಿಯಾದರೆ ಬಾಯಿ ಅಗಲವಾಗಿಯೇ ಉಳಿದು ಎರಡು ಗಾಳಿಯೂ ಒಟ್ಟಿಗೇ ಒಳಗೆ ನುಗ್ಗುತ್ತವೆ, ಜಾಸ್ತಿಯಾದರೆ ಮಸಿ ಕಟ್ಟಿ ತೂತೇ ಮುಚ್ಚಿಹೋಗುತ್ತದೆ. ಆ ಶಾಖ ಎಷ್ಟು, ಹಬೆ ಎಷ್ಟು ಹೊತ್ತು, ಅನ್ನುವುದು ಅಮರಯ್ಯನ ತಲೆಯಲ್ಲಿತ್ತು. ಚಿಪ್ಪು ಹಸಿಯೋ ಒಣಗಿದ್ದೋ ನೋಡಿ, ಭಟ್ಟಿಯ ಕಿಂಡಿಯಿಂದ ಬರುವ ವಾಸನೆ ನೋಡಿ, ಅವನು ಕೈ ಎತ್ತಿದರೆ ಹಬೆ ನಿಲ್ಲಿಸುತ್ತಿದ್ದರು. ಏಳನೇ ಇಯತ್ತೆ ಓದಿದವನ ಕೈ ನೋಡಿಕೊಂಡೇ ಮಾಲಕ ಚಂದ್ರಕಾಂತ ಸಿರಿವಂತರ ಬಂಜಾರಾ ಹಿಲ್ಸಿನಲ್ಲಿ ಮನೆ ಕಟ್ಟಿದ್ದು.

ಕಳೆದ ದಸರೆಯ ಹೊತ್ತಿಗೆ ಹೊರದೇಶದ ಗಿರಾಕಿಯೊಬ್ಬರು ಬಂದು, ಎಲ್ಲವೂ ಕಾಗದದ ಮೇಲೆ ಇರಬೇಕು, ಸರ್ಟಿಫಿಕೇಟ್ ಬೇಕು ಅಂದರು. ಹೊಸ ಇಂಜಿನಿಯರ್ ಆನಂದಕುಮಾರ ಒಂದು ಪುಸ್ತಕ ಹಿಡಿದು ಭಟ್ಟಿಯ ಹತ್ತಿರ ಬಂದ. ಅಮರಯ್ಯ ಹೇಳಿದ, ಅವನು ಬರೆದುಕೊಂಡ. ಭಟ್ಟಿಗೆ ಕಂಪ್ಯೂಟರ್ ಪ್ಯಾನೆಲ್ ಬಂತು, ಅದು ಇಂಜಿನಿಯರನ ಗಾಜಿನ ಕೋಣೆಯೊಳಗೆ ಹೋಯಿತು, ಕೋಣೆಗೆ ಬೀಗ ಬಿತ್ತು. ಅಮರಯ್ಯನ ಪಾಲಿಗೆ ಉಳಿದದ್ದು ಚಿಪ್ಪು ತುಂಬುವುದು, ಮಾಲು ಇಳಿಸುವುದು. "ಹೀಟ್ ಜಾಸ್ತಿ ಆಗಾಕತ್ತೈತ್ರಿ, ವಾಸನಿ ಬ್ಯಾರೆ ಬರಾಕತ್ತೈತಿ," ಎಂದು ಎರಡು ಸಲ ಹೋಗಿ ಹೇಳಿದ. "ಪ್ಯಾನೆಲ್ ಐತಲ್ಲ, ಅದು ನೋಡ್ಕೋತೈತಿ," ಎಂದು ಕಳಿಸಿದರು. ಈಗ ತಪ್ಪು ಮಾತ್ರ ಪ್ಯಾನೆಲ್ಲಿನದಲ್ಲ, ಅಮರಯ್ಯನದು.

ಸಂಜೆ ರಶ್ಮಿ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು. ಅಮೀರ್‌ಪೇಟಿನಲ್ಲಿ ಜಾವಾ ಕೋರ್ಸು ಮಾಡುತ್ತಿದ್ದ ಮಗ ರಾಹುಲ ಕ್ಲಾಸಿಗೆ ಹೊರಡುವ ಮುಂಚೆ ಊಟಕ್ಕೆ ಕೂತಿದ್ದ. ವಿಷಯ ಕೇಳಿ ರೊಟ್ಟಿ ಮುರಿಯುತ್ತಲೇ ಅಂದ:

"ಆನಂದಕುಮಾರ ಹಂಗ ಸುಮ್ಮಸುಮ್ಮನ ಬರೆಯೋ ಮನುಷ್ಯಾ ಅಲ್ಲ. ನಮ್ಮ ಬ್ಯಾಚಿನಾಗ ಅದಾನ. ಭಾಳ ಶಾಣ್ಯಾ."

"ಇಂಜಿನಿಯರಿಗೆ ಜಾವಾ ಯಾಕೋ?" ಶಂಕ್ರಮ್ಮ ಕೇಳಿದಳು.

"ಇದ್ದಿಲು ಸುಡಕೋತ ಎಷ್ಟು ದಿನ ಇರ್ತಾನ? ಎಲ್ಲಾರೂ ಸಾಫ್ಟ್‌ವೇರಿಗೆ ಹೊಂಟಾರ. ಏಳರ ಕ್ಲಾಸಿಗೆ ಬರ್ತಾನ ದಿನಾ."

"ಅವನ ಕಾಲು ಅಮೀರ್‌ಪೇಟಿನಾಗ ಐತಿ, ಕೈ ಇಲ್ಲಿ ಬರೀತೈತಿ. ತಪ್ಪು ನಿಮ್ಮಪ್ಪಂದು."

"ಅಪ್ಪಗೂ ವಯಸ್ಸಾತಲ್ಲವ್ವಾ. ಮರತು ಬ್ಯಾರೆ ಹೇಳಿರಬೇಕು."

ಶಂಕ್ರಮ್ಮ ಅವನ ತಾಟಿಗೆ ಹಾಕಲು ಎತ್ತಿದ್ದ ಎರಡನೇ ರೊಟ್ಟಿಯನ್ನು ಬುಟ್ಟಿಗೆ ವಾಪಸ್ಸು ಹಾಕಿದಳು. "ನಿನ್ನ ಶಾಣ್ಯಾ ಗೆಳೆಯಾನ ಮನ್ಯಾಗ ಹೋಗಿ ಉಣ್ಣು," ಅಂದಳು. ಅಮರಯ್ಯ ಅಡ್ಡಬಂದು ರೊಟ್ಟಿ ತೆಗೆದು ಮಗನ ತಾಟಿಗೆ ತಾನೇ ಹಾಕಿದ. ಅವಳಿಗೆ ಅದೇ ಹೊಟ್ಟೆ ಉರಿಸಿದ್ದು. ಆ ಮನುಷ್ಯನಿಗೆ ಸಿಟ್ಟು ಅನ್ನುವುದನ್ನು ದೇವರು ಕೊಡಲೇ ಇಲ್ಲವೋ, ಕೊಟ್ಟದ್ದನ್ನು ಭಟ್ಟಿಗೆ ಹಾಕಿಬಿಟ್ಟನೋ.

ಎರಡು ವಾರ ಹಾಗೇ ಹೋಯಿತು. ಅಮರಯ್ಯ ಬೆಳಿಗ್ಗೆ ಐದಕ್ಕೇ ಏಳುತ್ತಿದ್ದ. ನೀರು ತುಂಬುವುದು, ರೇಷನ್ ಅಂಗಡಿಯ ಸಾಲು, ಕಾಳು ಆರಿಸುವುದು, ಏನು ಹೇಳಿದರೂ ಮಾಡುತ್ತಿದ್ದ. ನಡುನಡುವೆ ಕೈ ನಿಲ್ಲಿಸಿ, "ನಾನೇ ತಪ್ಪು ಹೇಳೀನೇನು ಶಂಕ್ರೀ?" ಎಂದು ಕೇಳುತ್ತಿದ್ದ. ಅವಳು "ಇಲ್ಲ" ಅನ್ನುತ್ತಿದ್ದಳು. "ನಿನಗ ಹೆಂಗ ಗೊತ್ತು?" ಅನ್ನುತ್ತಿದ್ದ. ಅವಳಿಗೂ ಗೊತ್ತಿರಲಿಲ್ಲ, ಅದೇ ಸಂಕಟ. ನೌಕರಿ ಹೋದರೆ ಹೋಗಲಿ, ಕೂಲಿ ಮಾಡಿ ತಿಂದೇವು. ಆದರೆ ತನ್ನ ಕೈಯ ಕೆಲಸ ತನಗೇ ಗೊತ್ತಿಲ್ಲವೇನೋ ಎಂದು ಗಂಡ ನಂಬಿಬಿಟ್ಟರೆ ಆಮೇಲೆ ಮನೆಯಲ್ಲಿ ಉಳಿಯುವ ಮನುಷ್ಯ ಯಾರು? ಬೋರ್ಡಿನ ಮೇಲಿನ ಆ ಕಾಗದ ಇಳಿಯಲೇಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ರಶ್ಮಿ ದಿನಾ ಅದರ ಮುಂದೆಯೇ ಒಳಗೆ ಹೋಗಬೇಕಿತ್ತು. ದಿನಾ ಬಂದು, "ಇನ್ನೂ ಐತಿ," ಅನ್ನುತ್ತಿದ್ದಳು.

ನಾಂಪಲ್ಲಿಯ ಎಕ್ಸಿಬಿಷನ್ ಜೋರಾಗಿ ನಡೆದಿತ್ತು. ಯಾದಗಿರಿಯಿಂದ ಅಮರಯ್ಯನ ಅಕ್ಕ ಗಂಗೂಬಾಯಿ ಪ್ರತಿ ಜನವರಿಯಂತೆ ಈ ಸಲವೂ ಹೊರಟಳು. ಮನೆಯ ಪರಿಸ್ಥಿತಿ ಹೀಗಿದೆ ಎಂದು ತಿಳಿಸುವಷ್ಟರಲ್ಲಿ ಪಕ್ಕದ ಮನೆಯ ಫೋನಿಗೆ ಅವಳ ಸುದ್ದಿ ಬಂದೇಬಿಟ್ಟಿತು. ಶಂಕ್ರಮ್ಮ ಮಗನಿಗೆ ಹೇಳಿದಳು: "ನಾಳೆ ಮುಂಜಾನಿ ಪೌಣೆ ಎಂಟಕ್ಕ ಗಾಡಿ ಬರ್ತೈತಿ. ಸ್ಟೇಶನ್ನಿಗೆ ಹೋಗಿ ನಿಮ್ಮತ್ತೀನ ಕರಕೊಂಡು ಬಾ. ಕಾಯಿಸಬ್ಯಾಡ, ಆಕಿ ಬಾಯಿ ನಿನಗ ಗೊತ್ತೈತಿ."

ಮರುದಿನ ಒಂಬತ್ತೂವರೆಗೆ ಆಟೋ ಬಂದು ನಿಂತಾಗ ಗಂಗೂಬಾಯಿಯ ದನಿ ಓಣಿಯ ತುದಿಯಿಂದಲೇ ಕೇಳಿಸಿತು.

"ಅರ್ಧಾ ತಾಸು ಅಂದ್ರ ಅರ್ಧಾ ತಾಸು, ಗಂಟು ಹೊತ್ಗೊಂಡು ಕಳ್ಳಿ ಹಂಗ ನಿಂತೀನಿ. ಪೋಲಿಸನವ ಎರಡು ಸಲ ಬಂದು ಕೇಳಿದಾ."

"ಯಾಕೋ, ಪೌಣೆ ಎಂಟು ಅಂತ ಹೇಳಿದ್ದಿಲ್ಲೇನು?" ಶಂಕ್ರಮ್ಮ ಮಗನ ಮೇಲೆ ತಿರುಗಿದಳು.

"ಅಷ್ಟಕ್ಕೇ ಹೋಗಿನಲ್ಲ." ರಾಹುಲ ಕೈಗಡಿಯಾರ ತೋರಿಸಿದ. "ಎಂಟೂ ಹದಿನೈದಕ್ಕ ಬರೋಬರಿ ಪ್ಲಾಟ್‌ಫಾರ್ಮಿನಾಗ ಇದ್ದೆ. ಗಾಡಿ ಮದಲ ಬಂದ್ರ ನಾ ಏನು ಮಾಡ್ಲಿ?"

"ಎಂಟೂ ಹದಿನೈದು ಅಂತ ಯಾರು ಹೇಳಿದ್ರೋ ನಿನಗ?"

"ನೀನ ಹೇಳಿದಿ. ಪೌಣೆ ಎಂಟು. ಪಾವು ಅಂದ್ರ ಕಾಲು. ಎಂಟರ ಮ್ಯಾಲ ಕಾಲು."

ಗಂಗೂಬಾಯಿ ಹಣೆ ಚಚ್ಚಿಕೊಂಡಳು. "ಸವ್ವಾ ಎಂಟು ಅಂದ್ರ ಎಂಟರ ಮ್ಯಾಲ ಕಾಲು. ಪೌಣೆ ಎಂಟು ಅಂದ್ರ ಎಂಟಕ್ಕ ಕಾಲು ಕಮ್ಮಿ. ಏಳೂ ಮುಕ್ಕಾಲು. ಇಂಗ್ಲಿಷ್ ಸಾಲಿಗೆ ರೊಕ್ಕಾ ಸುರಿದು ಇದನ್ನ ಕಲಿಸೀರೇನವ್ವಾ ಮಗಗ?"

"ಯಾರು ಈಗ ಹಂಗ ಮಾತಾಡ್ತಾರ? ಸೆವೆನ್ ಫಾರ್ಟಿಫೈವ್ ಅಂದಿದ್ರ ಆಗ್ತಿತ್ತು," ಎಂದು ಗೊಣಗಿ ರಾಹುಲ ಸ್ನಾನಕ್ಕೆ ಹೋದ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತೇ ಅದು. ಅರ್ಥವೇನು ಎಂದು ಕೇಳುವ ಗೋಜಿಗೆ ಹೋದವನಲ್ಲ.

ಶಂಕ್ರಮ್ಮ ನಾದಿನಿಗೆ ಚಹಾ ಸೋಸಿದಳು. ಸೋಸುತ್ತ ಕೈ ನಿಂತಿತು. ಕಪ್ಪು ತುಂಬಿ ಚಹಾ ಬಸಿಗೆ ಚೆಲ್ಲಿತು.

"ಏನ್ರಿ," ಎಂದು ಗಂಡನನ್ನು ಕರೆದಳು. ಅಮರಯ್ಯ ಅಂಗಳದಲ್ಲಿ ಕೊಡಕ್ಕೆ ನೀರು ಹಿಡಿಯುತ್ತಿದ್ದ. "ಆ ಹುಡುಗಗ ಹೀಟ್ ಎಷ್ಟು ಅಂತ ಹೇಳಿದ್ರಿ ನೀವು? ಅಕ್ಷರಾ ಅಕ್ಷರಾ ಹೇಳ್ರಿ."

"ಎಷ್ಟು ಸಲ ಹೇಳ್ಲಿ ನಿನಗ? ಪೌಣೆ ಎಂಟುನೂರು."

ಕೊಡ ತುಂಬಿ ನೀರು ಹರಿಯತೊಡಗಿತು, ಅದನ್ನು ಯಾರೂ ನಿಲ್ಲಿಸಲಿಲ್ಲ. ಪೌಣೆ ಎಂಟುನೂರು ಅಂದರೆ ಎಂಟುನೂರಕ್ಕೆ ಕಾಲು ನೂರು ಕಮ್ಮಿ, ಏಳುನೂರ ಎಪ್ಪತ್ತೈದು. ಅಮರಯ್ಯ ಹುಟ್ಟಿದ ಊರಲ್ಲಿ, ಬೆಳೆದ ಓಣಿಯಲ್ಲಿ, ದನದ ಸಂತೆಯಲ್ಲಿ, ಇಡೀ ಹೈದರಾಬಾದಿನ ಹಳೆಯ ಅಂಗಡಿಗಳಲ್ಲಿ ಅದಕ್ಕೆ ಬೇರೆ ಅರ್ಥವಿಲ್ಲ.

"ಆ ಹುಡುಗ ಎಲ್ಲಿಯವಾ?" ಗಂಗೂಬಾಯಿ ಕೇಳಿದಳು.

"ರಾಯಚೂರು ಕಡೇವರು. ಹುಟ್ಟಿದ್ದು ಬೆಳೆದಿದ್ದು ಇಲ್ಲೇ. ಕನ್ನಡ ಮಾತಾಡ್ತಾನ, ಅದಕ್ಕಂತ ನಾನೂ ಕನ್ನಡದಾಗ ಹೇಳಿದೆ," ಅಂದ ಅಮರಯ್ಯ. ಆಮೇಲೆ ಮೆಲ್ಲಗೆ, ತನಗೆ ತಾನೇ ಎಂಬಂತೆ, "ಬ್ಯಾಗು ಹೆಗಲಿಗೆ ಹಾಕ್ಕೊಂಡು ನಿಂತ ಬರಕೊಂಡಾ. ಕ್ಲಾಸಿಗೆ ಹೊತ್ತಾತು ಅಂದಾ," ಅಂದ.

ಸಂಜೆ ರಶ್ಮಿಗೆ ಹೇಳಿದರು. ಮೂರನೇ ದಿನ ಅವಳು ಪರೀಕ್ಷೆಯ ವರದಿ ಕೊಡುವ ನೆಪದಲ್ಲಿ ಗಾಜಿನ ಕೋಣೆಗೆ ಹೋಗಿ, ಮೇಜಿನ ಮೇಲಿದ್ದ ಆ ಪುಸ್ತಕದ ಪುಟ ನೋಡಿಕೊಂಡು ಬಂದಳು. ಮನೆಗೆ ಬಂದವಳೇ ಬಾಗಿಲಲ್ಲೇ ನಿಂತು, "ಎಂಟುನೂರ ಇಪ್ಪತ್ತೈದು," ಅಂದಳು.

ಅಮರಯ್ಯ ಕೂತಲ್ಲಿಂದ ಎದ್ದ. ಮತ್ತೆ ಕೂತ. "ಅದಕ್ಕ ವಾಸನಿ ಕೆಟ್ಟಿತ್ತು," ಅಂದ. "ನಾ ಹೇಳಿದ್ದೆ, ವಾಸನಿ ಬ್ಯಾರೆ ಬರಾಕತ್ತೈತಿ ಅಂತ." ಎರಡು ವಾರದಲ್ಲಿ ಮೊದಲ ಸಲ ಅವನು ಆ ರಾತ್ರಿ ಮೂರು ರೊಟ್ಟಿ ಉಂಡ. ರಾಹುಲ ತಲೆ ತಗ್ಗಿಸಿ ಉಂಡು ಎದ್ದ.

ಮರುದಿನ ಶಂಕ್ರಮ್ಮ ಇಲಕಲ್ ಸೀರೆ ಉಟ್ಟು ಕಾರ್ಖಾನೆಗೆ ಹೊರಟಳು. ಗಂಡ ಬೇಡ ಅಂದ, ಕೇಳಲಿಲ್ಲ. ಗೇಟಿನ ಕಾವಲುಗಾರ, "ಅಂದರ್ ನಕ್ಕೊ ಜಾವೋ ಅಮ್ಮಾ, ಸಾಬ್ ಬಿಝಿ ಹೈಂ," ಎಂದು ಕೈ ಅಡ್ಡ ಹಿಡಿದ. "ತೋ ಮೈಂ ಇಧರೀಚ್ ಬೈಠ್ತೂಂ," ಎಂದು ಅವಳು ಗೇಟಿನ ನಡುವೆಯೇ ಕೂತಳು. ಚಿಪ್ಪಿನ ಲಾರಿ ಬಂದು ಹಾರ್ನ್ ಹೊಡೆಯಿತು. ಹತ್ತು ನಿಮಿಷದಲ್ಲಿ ಒಳಗೆ ಕರೆದರು.

ಚಂದ್ರಕಾಂತ ಬೀದರ ಕಡೆಯವನು. ಮಾತು ಮೆತ್ತಗೆ, ಕುರ್ಚಿಯೂ ಮೆತ್ತಗೆ. ಅವಳಿಗೆ ಕೂರಲು ಹೇಳಿದ, ಚಹಾ ತರಿಸಿದ. ಅವಳು ಎರಡೂ ಒಲ್ಲೆ ಅಂದು ನಿಂತೇ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿದ. ಅಚ್ಚರಿ ಪಡಲಿಲ್ಲ, ಅದೇ ಅವಳಿಗೆ ಅಚ್ಚರಿಯಾದದ್ದು.

"ನಿಮಗ ಪೌಣೆ ಅಂದ್ರ ಗೊತ್ತೈತೋ ಇಲ್ಲೋ?"

"ಗೊತ್ತೈತಿ ಶಂಕ್ರಮ್ಮ. ವಿಚಾರಣಿ ದಿನ ಅಮರಯ್ಯ ಹೇಳಿದಾಗನ ನನಗ ಗೊತ್ತಾತು."

"ಗೊತ್ತಾಗಿ ಬೋರ್ಡಿಗೆ ಹಚ್ಚಿದ್ರಿ?"

"ನೋಡ್ರಿ," ಚಂದ್ರಕಾಂತ ಮೇಜಿನ ಮೇಲಿನ ಕಾಗದ ಸರಿಪಡಿಸಿದ. "ಆ ಪುಸ್ತಕದಾಗ ಇಂಜಿನಿಯರಂದು ದಸ್ಕತ್ ಐತಿ, ನಂದೂ ಐತಿ. ಅದರ ನಕಲು ಗಿರಾಕಿ ಕಡೆ ಹೋಗೈತಿ. ನಾವು ತಪ್ಪು ಬರಕೊಂಡೀವಿ ಅಂದ್ರ ಸರ್ಟಿಫಿಕೇಟ್ ಹೋಗ್ತೈತಿ. ಕೆಲಸದವರು ತಪ್ಪು ಹೇಳಿದ್ರು ಅಂದ್ರ ಅವರು ಒಪ್ತಾರ. ಅಮರಯ್ಯಗ ನಾ ಏನು ಕಮ್ಮಿ ಮಾಡಾಂವಲ್ಲ. ಒಂದು ಮಾಫಿ ಪತ್ರ ಬರದು ಕೊಡ್ಲಿ, ನಾಳೆ ಬಂದು ಕೆಲಸ ಮಾಡ್ಲಿ. ಮುಗೀತು."

"ತಪ್ಪು ಮಾಡಿದಾಂವ ಯಾರು, ಮಾಫಿ ಕೇಳೋನು ಯಾರು?"

"ಅದು ಕಾಗದದ ಮಾತು ತಾಯಿ. ಮನಸಿಗೆ ಹಚ್ಕೋಬ್ಯಾಡ್ರಿ."

ಇಂಥ ಮಾತನ್ನು ಮೆತ್ತಗೆ ಆಡುವವರಿಗೆ ನಾಲಿಗೆ ಯಾಕೆ ಬಿದ್ದುಹೋಗುವುದಿಲ್ಲವೋ. ಶಂಕ್ರಮ್ಮ ಮನೆಗೆ ನಡೆದೇ ಬಂದಳು. ಅವಳಿಗೆ ಬಸ್ಸು ಹತ್ತುವ ತಾಳ್ಮೆಯೂ ಇರಲಿಲ್ಲ.

ಆ ವಾರ ಮನೆಯಲ್ಲಿ ಮೂರು ಹೊತ್ತೂ ಅದೇ ಜಗಳ.

"ಸಹಿ ಮಾಡಿದ್ರ ಏನಾಗ್ತೈತಿ?" ರಾಹುಲ ಅಂದ. "ಕಂಪನಿಯಾಗ ಎಲ್ಲಾ ಹಿಂಗ ನಡೀತೈತಿ. ಪಗಾರ ಬರ್ತೈತಿ, ನನ್ನ ಕೋರ್ಸೂ ಮುಗೀತೈತಿ."

"ಅಪ್ಪನ ಹೆಸರು ಕೊಟ್ಟು ನಿನ್ನ ಕೋರ್ಸು ಮುಗಿಸ್ಬೇಕೇನು?" ರಶ್ಮಿ ಕೇಳಿದಳು.

"ನೀ ಅಲ್ಲೇ ನೌಕರಿ ಮಾಡಾಕತ್ತೀಯಲ್ಲ? ಅಷ್ಟು ಸಿಟ್ಟಿದ್ರ ಬಿಡು."

"ನಾನೂ ಬಿಟ್ರ ಈ ಮನ್ಯಾಗ ಒಲಿ ಹತ್ತೂದು ನಿನ್ನ ಜಾವಾದಿಂದೇನು?"

ಗಂಗೂಬಾಯಿ ಎಕ್ಸಿಬಿಷನ್ನಿನಿಂದ ತಂದ ಸ್ಟೀಲ್ ಡಬ್ಬಿಗಳನ್ನು ಗಂಟು ಕಟ್ಟುತ್ತ, "ನಮ್ಮ ತಮ್ಮ ಸಹಿ ಮಾಡಿದ್ರ ನಾ ಈ ಮನಿ ಹೊಸ್ತಿಲ ತುಳಿಯಂಗಿಲ್ಲ," ಎಂದು ಹೇಳಿ ಊರಿಗೆ ಹೋದಳು. ಅಮರಯ್ಯ ಯಾರಿಗೂ ಏನೂ ಹೇಳಲಿಲ್ಲ. ಸಹಿ ಮಾತ್ರ ಮಾಡಲಿಲ್ಲ.

ಜನವರಿ ಮುಗಿಯುವ ದಿನ ರಶ್ಮಿ ಒಂದು ಪೇಢೆಯ ಡಬ್ಬಿ ತಂದು ಒಲೆಯ ಕಟ್ಟೆಯ ಮೇಲೆ ಇಟ್ಟಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಹಂಚಿದ್ದಂತೆ.

"ಏನಿದು?"

"ಮಾಲು ಪಾಸಾತು. ಏಳುನೂರ ಎಪ್ಪತ್ತೈದಕ್ಕ ಇಟ್ಟಾರ ಈಗ." ರಶ್ಮಿ ನೆಲ ನೋಡುತ್ತ ಹೇಳಿದಳು. "ಆನಂದಕುಮಾರ ಭಾಳ ಅಭ್ಯಾಸ ಮಾಡಿ ಸರಿಯಾದ ಹೀಟ್ ಕಂಡುಹಿಡದ ಅಂತ ಮಾಲಕರು ಎಲ್ಲಾರ ಮುಂದ ಹೊಗಳಿದ್ರು. ಚಪ್ಪಾಳಿ ಹೊಡೆಸಿದ್ರು."

"ಬೋರ್ಡಿನ ಮ್ಯಾಲಿನ ಕಾಗದ?"

"ಐತಿ."

ಶಂಕ್ರಮ್ಮ ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿ ಚರಂಡಿಗೆ ಸುರಿದಳು. ಎದುರುಮನೆಯವರು ನೋಡುತ್ತಿದ್ದರು, ನೋಡಲಿ. ಗಂಡ ಹೇಳಿದ ಸಂಖ್ಯೆಯನ್ನೇ ಕದ್ದು, ಅವನ ಮಗಳ ಕೈಯಲ್ಲಿ ಸಿಹಿ ಕಳಿಸುವ ಜನ ಇವರು. ಅಮರಯ್ಯ ಮಾತ್ರ ಬೇರೆಯೇ ಪ್ರಶ್ನೆ ಕೇಳಿದ.

"ಹೊಸಾ ಚಿಪ್ಪು ಬಂತೇನವ್ವಾ?"

"ಬಂದಿಲ್ಲ. ಹಳೇ ಚಿಪ್ಪಿನಾಗ ಮಾಡ್ಯಾರ."

"ಬರ್ಲಿ," ಅಂದ.

ಫೆಬ್ರುವರಿಯಲ್ಲಿ ಬಂತು. ಈ ಸಲದ ಚಿಪ್ಪು ಎಳೆಯದು, ಹಸಿ. ಶಾಖ ಪುಸ್ತಕದಲ್ಲಿ ತಿದ್ದಿಕೊಂಡಷ್ಟೇ ಇಟ್ಟರು, ಹಬೆಯನ್ನೂ ಪುಸ್ತಕದಲ್ಲಿದ್ದಷ್ಟು ಹೊತ್ತು ಹಾಯಿಸಿದರು. ಎರಡು ಬ್ಯಾಚ್ ಕೆಟ್ಟುಹೋದವು. ರಶ್ಮಿ ಪರೀಕ್ಷೆ ಮಾಡಿದರೆ ಸಾರಜನಕದ ಜೊತೆ ಆಮ್ಲಜನಕವೂ ಧಾರಾಳವಾಗಿ ಬರುತ್ತಿತ್ತು. ಹೊರದೇಶದ ಗಿರಾಕಿ ತನಿಖೆಗೆ ಬರಲು ನಾಲ್ಕು ದಿನ ಉಳಿದಿತ್ತು. ಅವತ್ತು ಮಧ್ಯಾಹ್ನ ಓಣಿಯಲ್ಲಿ ಕಾರು ಹಿಡಿಸದೆ, ಚಂದ್ರಕಾಂತ ಮತ್ತು ಆನಂದಕುಮಾರ ನಡೆದುಕೊಂಡು ಬಂದರು.

ಅಮರಯ್ಯ ಊಟಕ್ಕೆ ಕೂತಿದ್ದ. ಎದ್ದು ಕೈ ತೊಳೆಯಲು ಹೋದವನನ್ನು ಶಂಕ್ರಮ್ಮ, "ಉಣ್ರಿ ನೀವು," ಎಂದು ಕೂರಿಸಿದಳು. ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

"ಭಟ್ಟಿ ತುಂಬೀವಿ ಅಮರಯ್ಯ," ಚಂದ್ರಕಾಂತ ಅಂದ. "ನಾಳೆ ಮುಂಜಾನಿ ಹಬೆ ಹಾಯಸೋದೈತಿ. ನೀ ಬಂದು ನಿಲ್ಲಬೇಕು. ಮಾಫಿ ಪತ್ರ ಬ್ಯಾಡ, ಏನೂ ಬ್ಯಾಡ. ಆ ನೋಟಿಸ್ ಹರದು ಒಗದೀನಿ."

"ಹರದ್ರ ಏನಾತು?" ಶಂಕ್ರಮ್ಮ ಕೇಳಿದಳು. "ಓದಿದವರ ತಲ್ಯಾಗಿಂದೂ ಹರೀತೈತೇನು?"

ಆನಂದಕುಮಾರ ಅಲ್ಲಿಯವರೆಗೆ ತಲೆ ಎತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹುಡುಗ, ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. "ನನಗ ಗೊತ್ತಿದ್ದಿಲ್ರಿ ಅಮ್ಮ," ಅಂದ. "ಪೌಣೆ ಅಂದ್ರ ಜಾಸ್ತಿ ಅಂತ ತಿಳಕೊಂಡಿದ್ದೆ. ಕೇಳಬೇಕಿತ್ತು. ಕೇಳಲಿಲ್ಲ."

"ಯಾವಾಗ ಗೊತ್ತಾತು?"

"ನೀವು ಬಂದು ಹೋದ ದಿನ. ಸರ್ ಹೇಳಿದ್ರು."

"ಆಮ್ಯಾಲ ಚಪ್ಪಾಳಿ ಹೊಡಸ್ಕೊಂಡಿ."

ಅಮರಯ್ಯ ಮಜ್ಜಿಗೆ ಕುಡಿದು ಲೋಟ ಇಟ್ಟ. ಇಷ್ಟು ದಿನ ಬಾಯಿ ಬಿಡದವನು ಅವತ್ತು ಒಂದೇ ಮಾತಾಡಿದ: "ನಿಜ ಏನೈತಿ ಅದನ್ನ ಬರದು ಅದ ಬೋರ್ಡಿಗೆ ಹಚ್ರಿ. ಓದತೀನಿ. ಆಮ್ಯಾಲ ಭಟ್ಟಿ ಕಡೆ ಬರ್ತೀನಿ."

"ತನಿಖಾದವರು ಬರ್ತಾರ ಅಮರಯ್ಯ, ಅವರ ಕಣ್ಣಿಗೆ ಬಿದ್ರ—"

"ಬೀಳ್ಲಿ," ಎಂದು ಅಮರಯ್ಯ ತಾಟು ಎತ್ತಿಕೊಂಡು ಒಳಗೆ ಹೋದ.

ಮರುದಿನ ಮುಂಜಾನೆ ಗಂಡ ಹೆಂಡತಿ ಇಬ್ಬರೂ ರಶ್ಮಿಯ ಜೊತೆ ಹೋದರು. ರಾಹುಲ ಕರೆಯದೆಯೇ ಹಿಂದೆ ಬಂದ. ಬೋರ್ಡಿನ ಮೇಲೆ ಹೊಸ ಕಾಗದ ಇತ್ತು. ಪಾಳಿ ಬದಲಾಗುವ ಹೊತ್ತು, ಬರುವವರು ಹೋಗುವವರು ಎಲ್ಲ ಅಲ್ಲೇ ನಿಂತಿದ್ದರು. ಅಮರಯ್ಯ ಕಾಗದದ ಹತ್ತಿರ ಹೋಗಿ ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಓದತೊಡಗಿದ. ಒಂದು ಸಾಲಿಗೆ ಒಂದು ನಿಮಿಷ ಹಿಡಿಯುತ್ತಿತ್ತು. ರಾಹುಲ ಮುಂದೆ ಬಂದು, "ನಾ ಓದ್ಲೇನಪ್ಪಾ?" ಅಂದ. ಅಪ್ಪ ಬೇಡವೆಂದು ಕೈಯಾಡಿಸಿದ.

"ಅಮರಯ್ಯ, ಭಟ್ಟಿ ಕಾದೈತಿ," ಚಂದ್ರಕಾಂತ ಅಂದ.

"ಓದಾಕತ್ತೀನ್ರಿ. ಇನ್ನ ಎರಡು ಸಾಲದಾವ."

ಓದಿ ಮುಗಿಸಿ ತಿರುಗಿದ. "ಅಮರಯ್ಯನ ತಪ್ಪಿಲ್ಲ, ಬರಕೊಳ್ಳೂದ್ರಾಗ ತಪ್ಪಾಗೈತಿ ಅಂತ ಐತಿ. ಬರಕೊಂಡಾಂವ ಯಾರು? ಹೆಸರಿಲ್ಲ."

ಯಾರಾದರೂ ಏನಾದರೂ ಅನ್ನುವ ಮುಂಚೆ ಆನಂದಕುಮಾರ ಜೇಬಿನಿಂದ ಪೆನ್ನು ತೆಗೆದ. ಕಾಗದದ ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಿದ. ಶಂಕ್ರಮ್ಮನಿಗೆ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಯಾರ ಮೇಲಿರಬೇಕೋ ಅವನು ಪಕ್ಕದಲ್ಲೇ ಗಡಿಯಾರ ನೋಡುತ್ತ ನಿಂತಿದ್ದ. ಅವಳು ಹುಡುಗನ ಕೈಯಿಂದ ಪೆನ್ನು ತೆಗೆದುಕೊಂಡು ಚಂದ್ರಕಾಂತನ ಮುಂದೆ ಹಿಡಿದಳು.

"ಇವಗ ಗೊತ್ತಿದ್ದಿಲ್ಲ, ತಪ್ಪು ಬರದಾ. ನಿಮಗ ಗೊತ್ತಿತ್ತು. ಅದನ್ನೂ ಬರೀರಿ."

ಚಂದ್ರಕಾಂತ ಅಮರಯ್ಯನ ಕಡೆ ನೋಡಿದ. ಹೆಂಡತಿಯನ್ನು ಸುಮ್ಮನಿರಿಸುತ್ತಾನೆ ಎಂದುಕೊಂಡಿರಬೇಕು. ಅಮರಯ್ಯ ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ಕೂತುಬಿಟ್ಟ. "ಅವಸರ ಭಟ್ಟಿಗೈತ್ರಿ," ಅಂದ. "ನನಗಿಲ್ಲ."

ಸೈರನ್ ಆಯಿತು. ಒಳಗೆ ಹೋಗಬೇಕಾದವರು ಹೋಗಲಿಲ್ಲ, ಮನೆಗೆ ಹೋಗಬೇಕಾದವರೂ ಹೋಗಲಿಲ್ಲ. ಚಂದ್ರಕಾಂತ ಪೆನ್ನು ತೆಗೆದುಕೊಂಡ. ಸ್ವಲ್ಪ ಯೋಚಿಸಿ, ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ, ಸಣ್ಣದಾಗಿ ಒಂದು ಸಾಲು ಬರೆದ. ಹೊರದೇಶದವರಿಗೂ ಓದಲು ಬಾರದು, ಇಲ್ಲಿ ನಿಂತ ತೆಲುಗು ಕೂಲಿಯವರಿಗೂ ಬಾರದು ಎಂಬ ಲೆಕ್ಕ ಅವನದು.

ಶಂಕ್ರಮ್ಮನಿಗೆ ಬರುತ್ತಿದ್ದ ಅಕ್ಷರ ಅದೊಂದೇ. ಅವಳು ಹತ್ತಿರ ಹೋಗಿ ಓದಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ನಿಂತವರೆಲ್ಲರ ಕಡೆ ತಿರುಗಿ, ತರಕಾರಿ ಬಜಾರಿನಲ್ಲಿ ಕಲಿತ ತನ್ನ ತೆಲುಗಿನಲ್ಲಿ, ಮತ್ತೆ ಕನ್ನಡದಲ್ಲಿ, ಕೊನೆಯಲ್ಲಿ ನಿಂತವನಿಗೂ ಕೇಳುವಂತೆ ಹೇಳಿದಳು:

"ಆಯನಕಿ ಮುಂದೇ ತೆಲುಸಂಟ. ಇವರಿಗೆ ಮದಲ ಗೊತ್ತಿತ್ತಂತ."